ಹಿಂದಿನವನು ಆರಿಸಿದ ಕತ್ತಿ

ಭೂಮಿ ಅಳೆಯುವವರು ಕುರುಚಲು ಕಾಡಿನಲ್ಲಿ ಬರುತ್ತಿದ್ದರೆ ಮೊದಲು ಕೇಳಿಸುವುದು ಕತ್ತಿಯ ಸದ್ದು, ಆಮೇಲೆ ಬೈಗುಳ, ಎಲ್ಲಕ್ಕಿಂತ ಕೊನೆಗೆ ಅವರು ಕಾಣಿಸುತ್ತಾರೆ. ಯಾಕೆಂದರೆ ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ ನೋಡುವವರಿಗೆ ದೂರದಲ್ಲಿ ನೆಟ್ಟ ಕೋಲು ಕಾಣಬೇಕು. ಕಾಣಬೇಕಾದರೆ ನಡುವೆ ಒಂದು ಎಲೆಯೂ ಅಡ್ಡ ಇರಬಾರದು. ಆ ಎಲೆ, ಆ ಕೊಂಬೆ, ಆ ಮುಳ್ಳುಬಳ್ಳಿ ಎಲ್ಲವನ್ನೂ ಸವರಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲದ ನೇರ ಗೆರೆಯೊಂದನ್ನು ಕಾಡಿನೊಳಗೆ ಎಳೆಯುವವನೇ ಮುಂದಿನವನು. ನಮ್ಮ ಕತೆಯ ಮುಂದಿನವನನ್ನು ತಂಡದವರು ಗೆರೆಯಣ್ಣ ಅನ್ನುತ್ತಿದ್ದರು. ಅವನು ಕಡಿದ ದಾರಿಗೆ ದಾರ ಹಿಡಿದು ನೋಡಿದರೂ ಒಂದು ಬೆರಳು ಆಚೀಚೆ ಆಗುತ್ತಿರಲಿಲ್ಲ. ದುರ್ಬೀನಿನ ಸಾಹೇಬರದು ಯಾರನ್ನೂ ಹೊಗಳದ ಬಾಯಿ. ಅಂಥವರೂ ಒಮ್ಮೆ, "ಇವನು ಹುಟ್ಟಿದಾಗ ತೊಟ್ಟಿಲನ್ನೂ ಗುರಿ ನೋಡಿಯೇ ಇಟ್ಟಿರ್ಬೇಕು" ಅಂದಿದ್ದರು. ಆ ಒಂದು ಮಾತನ್ನು ಗೆರೆಯಣ್ಣ ಹನ್ನೊಂದು ವರ್ಷದಿಂದ ಜೋಪಾನ ಮಾಡಿ ಇಟ್ಟುಕೊಂಡಿದ್ದ.

ಅವನಿಗಿಂತ ಮೂರು ಹೆಜ್ಜೆ ಹಿಂದೆ ಬರುವವನು ಹಿಂದಿನವನು. ಅಳತೆಪಟ್ಟಿಯ ಡಬ್ಬಿಯನ್ನು ಬಲಭುಜಕ್ಕೆ ನೇತುಹಾಕಿಕೊಂಡು, ಕಡಿದು ಬಿದ್ದ ಕೊಂಬೆಗಳನ್ನು ಬದಿಗೆ ಎಳೆದು ಹಾಕುತ್ತ, ಅಳತೆ ಕೂಗುತ್ತ ಬರುವುದು ಅವನ ಕೆಲಸ. ಅವನನ್ನು ಟೇಪು ಅಂತ ಕರೆಯುತ್ತಿದ್ದರು. ಗೆರೆಯಣ್ಣನ ಹೆಂಡತಿಯ ತಮ್ಮ. ಅಕ್ಕನ ಮದುವೆಯಾದ ವರ್ಷವೇ ಭಾವನ ಬೆನ್ನು ಹಿಡಿದು ತಂಡ ಸೇರಿದವನು, ಇಪ್ಪತ್ತು ವರ್ಷದಿಂದ ಅದೇ ಬೆನ್ನು ನೋಡಿಕೊಂಡು ನಡೆಯುತ್ತಿದ್ದ. "ನಮ್ಮ ಭಾವನ ಮುಖ ನನಗೆ ಮರ್ತೇ ಹೋಗಿದೆ. ಅಂಗಡಿಬೀದೀಲಿ ಎದುರಿಗೆ ಬಂದ್ರೆ ಗುರುತು ಸಿಗಲ್ಲ. ತಿರುಗಿ ನಿಂತ್ರೆ ಮಾತ್ರ, ಓ ಇವರೇ ಅಂತೀನಿ" ಎಂದು ಚಹಾದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ.

ಈ ತಂಡಕ್ಕೊಂದು ಕಟ್ಟಳೆ ಇತ್ತು. ಐದು ವರ್ಷಕ್ಕೊಮ್ಮೆ ಮುಂದಿನವನಿಗೆ ಹೊಸ ಕತ್ತಿ ಬರುತ್ತದೆ. ಅದನ್ನು ಅವನು ಆರಿಸುವಂತಿಲ್ಲ, ಹಿಂದಿನವನು ಆರಿಸಬೇಕು. ಎಷ್ಟೋ ಕಾಲದ ಹಿಂದೆ ಯಾವನೋ ಒಬ್ಬ ಮುಂದಿನವನು ಹೊಳಪಿಗೆ ಮರುಳಾಗಿ ಕೈಮೀರಿದ ಕತ್ತಿ ಎತ್ತಿಕೊಂಡನಂತೆ. ಅದು ಜಾರಿ, ಹಿಂದೆ ಬರುತ್ತಿದ್ದವನ ಮಂಡಿಗೆ ಬಿತ್ತಂತೆ. ಅವನು ಕುಂಟಿಕೊಂಡು ಉಗ್ರಾಣಕ್ಕೆ ಬಂದು, "ಬೀಸೋನು ಅವನು, ಬೀಳೋದು ನನ್ನ ಮೇಲೆ. ಇನ್ಮೇಲೆ ಆರಿಸೋನೂ ನಾನೇ" ಅಂದನಂತೆ. ನಿಜವೋ ಸುಳ್ಳೋ, ಆ ಕುಂಟನನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆದರೆ ಮಾತಿಗೆ ತೂಕವಿತ್ತು, ಉಳಿದುಕೊಂಡಿತು. ಹೊಸ ಕತ್ತಿ ಎರಡು ಬರುತ್ತಿದ್ದವು. ಹಂಗಾಮಿನ ಮೊದಲ ದಿನ ಮುಂದಿನವನು ಒಂದರಲ್ಲಿ ಅರ್ಧ ದಿನ, ಇನ್ನೊಂದರಲ್ಲಿ ಅರ್ಧ ದಿನ ಕಡಿಯಬೇಕು. ಹಿಂದಿನವನು ಸುಮ್ಮನೆ ನೋಡಬೇಕು. ಸಂಜೆ ಎಲ್ಲರೂ ಕೂತಿರುವಾಗ ಎರಡರಲ್ಲಿ ಒಂದನ್ನು ಒರೆಗೆ ಹಾಕಿ ಮುಂದಿನವನ ತೊಡೆಯ ಮೇಲಿಡಬೇಕು. ಕಾರಣ ಹೇಳುವಂತಿಲ್ಲ, ಕೇಳುವಂತಿಲ್ಲ. ಟೇಪು ನಾಲ್ಕು ಸಲ ಹಾಗೆ ಇಟ್ಟಿದ್ದ, ನಾಲ್ಕು ಸಲವೂ ಗೆರೆಯಣ್ಣ ಮನಸ್ಸಿನಲ್ಲಿ ನೆನೆಸಿಕೊಂಡ ಕತ್ತಿಯೇ ತೊಡೆಗೆ ಬಂದಿತ್ತು.

ಐದನೆಯ ಸಲ ಬರುವ ಹೊತ್ತಿಗೆ ಗೆರೆಯಣ್ಣನ ಬಲಗೈ ಸೋತಿತ್ತು.

ಶುರುವಾದದ್ದು ಕಿರುಬೆರಳಿನಿಂದ. ಮೊದಲು ಜೋಮು, ಆಮೇಲೆ ಅದೂ ಇಲ್ಲ, ಯಾರದೋ ಬೆರಳನ್ನು ತಂದು ಅಂಟಿಸಿದ ಹಾಗೆ. ಆರು ತಿಂಗಳಿಗೆ ಪಕ್ಕದ ಉಂಗುರದ ಬೆರಳೂ ಅದರ ಜೊತೆ ಸೇರಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿಕೊಂಡಿದ್ದ ಮಾಂಸ ಇಳಿದು ಗುಳಿ ಬಿತ್ತು. ಕತ್ತಿ ಹಿಡಿಯದವರು, ಅದನ್ನು ಹಿಡಿಯುವುದು ಹೆಬ್ಬೆರಳು ಅಂದುಕೊಳ್ಳುತ್ತಾರೆ. ಹೆಬ್ಬೆರಳು ದಾರಿ ತೋರಿಸುತ್ತದೆ, ಅಷ್ಟೇ. ಬೀಸಿ ಇಳಿದ ಕತ್ತಿಯನ್ನು ತಡೆದು ನಿಲ್ಲಿಸುವವು ಕೊನೆಯ ಎರಡು ಬೆರಳುಗಳು. ಗೆರೆಯಣ್ಣನಿಗೆ ಹೋದದ್ದು ಸರಿಯಾಗಿ ಆ ಎರಡೇ.

ವೈದ್ಯರು ಮೊಣಕೈಯನ್ನು ಒತ್ತಿ ನೋಡಿ ಕೇಳಿದರು: "ಏನ್ ಕೆಲಸ ನಿಮ್ಮದು?"

"ಗಿಡ ಕಡೀತೀನಿ."

"ಇಲ್ಲಿ ನರ ನಜ್ಜಾಗಿದೆ. ಆ ಕೆಲಸ ಬಿಟ್ಬಿಡಿ."

"ಬಿಟ್ರೆ ಸರಿಹೋಗುತ್ತಾ?"

"ಹೋಗಿರೋದು ಬರಲ್ಲ. ಇರೋದು ಸ್ವಲ್ಪ ದಿನ ಉಳೀಬಹುದು."

"ಹೋಗಿರೋದು ಬರಲ್ಲ ಅಂದ್ಮೇಲೆ ಬಿಟ್ಟು ಏನ್ ಮಾಡ್ಲಿ ಡಾಕ್ಟ್ರೇ?"

ವೈದ್ಯರು ಪೆನ್ನಿಗೆ ಮುಚ್ಚಳ ಹಾಕಿದರು. 

ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಬೇರೆ. "ಅಂಗೈ ಜಾಸ್ತಿ ಬೆವರುತ್ತಂತೆ. ಅದಕ್ಕೇ ಜಾರುತ್ತೆ. ಪೌಡರ್ ಹಾಕ್ಕೋ ಅಂದ್ರು." ಅವಳು ಹೂಂ ಅಂದಳು. ಮಾರನೆಯ ದಿನ ಪೌಡರಿನ ಡಬ್ಬಿ ಕನ್ನಡಿಯ ಪಕ್ಕ ಬಂದು ಕೂತಿತ್ತು. ಅದರ ಜೊತೆಗೇ ಇನ್ನೊಂದು ಬದಲಾಯಿತು: ಬೆಳಿಗ್ಗೆ ಅವನು ಅಂಗಿ ತೊಡುವಾಗ ಅವಳು ಏನೋ ಮಾತಾಡುತ್ತ ಎದುರಿಗೆ ಬಂದು ನಿಲ್ಲುತ್ತಿದ್ದಳು, ನೀರು ಬಂತೋ ಇಲ್ಲವೋ, ಕಿಟಕಿ ಅಗುಳಿ ಸಡಿಲವಾಗಿದೆ ಅಂತ, ಮಾತು ಮುಗಿಯುವಷ್ಟರಲ್ಲಿ ಅವಳ ಕೈ ಗುಂಡಿಗಳನ್ನೆಲ್ಲ ಹಾಕಿ ಮುಗಿಸಿರುತ್ತಿತ್ತು. 

ಅವಳ ಕೆಲಸ ನಾಲ್ಕು ಬೀದಿ ಆಚೆಯ ಟಾರ್ಪಾಲು ಶೆಡ್ಡಿನಲ್ಲಿ. ಲಾರಿಗೆ ಹೊದಿಸುವ ದಪ್ಪ ಬಟ್ಟೆಯ ಅಂಚನ್ನು ಮಿಷನ್ನು ಹಿಡಿಯದ ಕಡೆ ಕೈಯಲ್ಲೇ ಹೊಲಿಯಬೇಕು. ಬಾಗಿದ ಸೂಜಿ, ಮೇಣ ಹಚ್ಚಿದ ಬಿಳಿ ದಾರ. ಮೂರು ಹೊಲಿಗೆಗೊಂದು ಗಂಟು ಹಾಕುವುದು ಅವಳ ರೂಢಿ. ಶೆಡ್ಡಿನಲ್ಲಿ ಇನ್ಯಾರೂ ಹಾಗೆ ಹಾಕುತ್ತಿರಲಿಲ್ಲ. "ಒಂದು ಕಿತ್ರೂ ಮೂರಕ್ಕೇ ನಿಲ್ಲುತ್ತೆ" ಅನ್ನುತ್ತಿದ್ದಳು. ಮನೆಯ ದಿಂಬು, ಚೀಲ, ಗೆರೆಯಣ್ಣನ ಹಳೆ ಕತ್ತಿಯ ಒರೆ, ಎಲ್ಲದರ ಮೇಲೂ ಆ ಗಂಟಿನ ಸಾಲು ಇತ್ತು.

ಅವನು ಸುಮ್ಮನೆ ಕೂರಲಿಲ್ಲ. ಹಳೆ ಕತ್ತಿಯ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದ. ಮನೆಯ ಹಿಂದೆ ಕಡ್ಡಿಗಳನ್ನು ಸಾಲಾಗಿ ನೆಟ್ಟು ಎಡಗೈಯಲ್ಲಿ ಕಡಿದು ನೋಡಿದ. ಎಡಗೈ ಪಾಪ, ಐವತ್ತೊಂದು ವರ್ಷ ಬಕೀಟು ಹಿಡಿಯುವುದೊಂದನ್ನು ಬಿಟ್ಟು ಬೇರೇನೂ ಕಲಿತಿರಲಿಲ್ಲ. ಹತ್ತು ಕಡ್ಡಿ ಸವರುವಷ್ಟರಲ್ಲಿ ಗೆರೆ ಕುಡಿದವನ ಹಾಗೆ ಗೋಡೆಯ ಕಡೆ ವಾಲುತ್ತಿತ್ತು. ಗೆರೆ ಸೊಟ್ಟಗಾದರೆ ಅವನಿಗೆ ಹೆಸರೇ ಇಲ್ಲ. ಎಡಗೈಯ ಆಸೆ ಅಲ್ಲಿಗೆ ಮುಗಿಯಿತು.

ಹಂಗಾಮು ಶುರುವಾಗುವ ಮುಂಚಿನ ಶುಕ್ರವಾರ ಉಗ್ರಾಣದಲ್ಲಿ ಕತ್ತಿ ತೋರಿಸುತ್ತಾರೆ. ಉಗ್ರಾಣದವರು ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಮೇಲೆ ಹಳೆ ಕಂಬಳಿ ಹಾಸಿ, ಎರಡನ್ನೂ ಮಲಗಿಸಿದ್ದರು.

"ಕಣ್ಣಲ್ಲಿ ನೋಡಿ. ಮುಟ್ಬೇಡಿ. ಬೆರಳು ಬಿದ್ದ ಕಡೆ ತುಕ್ಕು ಬರುತ್ತೆ."

"ಎರಡಕ್ಕೂನಾ?" ಟೇಪು ಕೇಳಿದ.

"ದೊಡ್ಡದಕ್ಕೆ ಬರುತ್ತೆ. ಸಣ್ಣದಕ್ಕೆ ನೀನು ಉಗಿದ್ರೂ ಬರಲ್ಲ. ಉಗೀಬೇಡ ಮತ್ತೆ."

ಎರಡೂ ಮಡಚುವ ಚಾಕುಗಳಲ್ಲ. ಅಲಗು ಹಿಡಿಯೊಳಗೆ ಬಾಲದವರೆಗೂ ಹೋಗಿ ಮೊಳೆಯಲ್ಲಿ ಕೂತಿರುವ ಗಟ್ಟಿ ಕತ್ತಿಗಳು. ಮಚ್ಚಿನಷ್ಟು ಭಾರವಿಲ್ಲ, ಅಡುಗೆಮನೆಯ ಚಾಕುವಿನಷ್ಟು ಸಸಾರವೂ ಅಲ್ಲ. ದೊಡ್ಡದರ ಅಲಗು ಒಂದು ಗೇಣಿನ ಮೇಲೆ ಎರಡು ಬೆರಳು. ಕಪ್ಪು ಉಕ್ಕು, ದಪ್ಪ ಬೆನ್ನು, ಮರದ ಹಿಡಿ, ಹಿಡಿಯ ತುದಿಯಲ್ಲಿ ಕಿರುಬೆರಳು ಆನಿಸಿಕೊಳ್ಳಲು ಒಂದು ಕೊಕ್ಕೆ. ಒಂದು ದಿನ ಎಣ್ಣೆ ತಪ್ಪಿದರೆ ತುಕ್ಕು, ಆದರೆ ಹಳ್ಳದ ಕಲ್ಲಿಗೆ ನಾಲ್ಕು ಸಲ ಎಳೆದರೂ ಹರಿತ ಬರುತ್ತದೆ. ತೂಕವೆಲ್ಲ ಮೊನೆಯ ಕಡೆ. ಎತ್ತುವುದಷ್ಟೇ ಮನುಷ್ಯನ ಕೆಲಸ, ಇಳಿಯುವುದು ಅದರದು. ಸಣ್ಣದರ ಅಲಗು ಗೇಣಿಗೆ ಎರಡು ಬೆರಳು ಕಮ್ಮಿ. ತೆಳು, ಬೆಳ್ಳಗೆ ಹೊಳೆಯುವ ಸ್ಟೀಲು, ರಬ್ಬರಿನ ಹಿಡಿ. ಒದ್ದೆಯಾದರೂ ಜಾರುವುದಿಲ್ಲ, ಮೂರು ಬೆರಳಿಗೂ ಒಪ್ಪಿಕೊಳ್ಳುತ್ತದೆ. ಹರಿತ ಬಹಳ ದಿನ ನಿಲ್ಲುತ್ತದೆ. ಒಮ್ಮೆ ಹೋಯಿತೋ, ಸಾಣೆಯವನ ಜೀವ ತಿನ್ನುತ್ತದೆ. ಹಗ್ಗ ಕೊಯ್ಯಲು, ಗೂಟ ಚೂಪು ಮಾಡಲು ಬಲು ಚೆಂದ. ಹೆಬ್ಬೆರಳು ದಪ್ಪದ ಕೊಂಬೆಗೆ ಮಾತ್ರ ಮೂರು ಏಟು ಬೇಕು. ದೊಡ್ಡದಕ್ಕೆ ಒಂದು.

ಮುಂದಿನವನೊಬ್ಬನಿಗೆ ಸಣ್ಣದು ಸಿಕ್ಕಿದ್ದು ಎಲ್ಲರ ನೆನಪಿನಲ್ಲಿ ಒಂದೇ ಸಲ. ಗೆರೆಯಣ್ಣನಿಗಿಂತ ಮುಂಚೆ ಮುಂದೆ ನಡೆಯುತ್ತಿದ್ದ ಮನುಷ್ಯ. ಅವನು ಮರುದಿನದಿಂದ ಬಿಡಾರದಲ್ಲಿ ಕೂತು ಗೂಟ ಕೆತ್ತಿದ, ನೀರು ಕಾಯಿಸಿದ, ಟೆಂಟು ಕಾಯ್ದ. ಮುಂದಿನ ಹಂಗಾಮಿನ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಗೂಟ ಕೆತ್ತುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಅದಕ್ಕೆ ಊರಿಂದ ಒಬ್ಬನನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಗೆರೆಯಣ್ಣ ದೊಡ್ಡದನ್ನು ನೋಡಿದ. ಟೇಪು ಗೆರೆಯಣ್ಣನ ಕೈ ನೋಡಿದ. ಗೆರೆಯಣ್ಣ ಕೈಯನ್ನು ಜೇಬಿಗೆ ಹಾಕಿಕೊಂಡ.

ಭಾನುವಾರ ಬೆಳಿಗ್ಗೆ ಅವನು ಕ್ಷೌರ ಮಾಡಿಸಿಕೊಂಡು ಬಂದಾಗ ಅಡುಗೆಮನೆಯಲ್ಲಿ ಅಕ್ಕ ತಮ್ಮ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಿದ್ದರು. ಅವನ ಚಪ್ಪಲಿ ಸದ್ದಿಗೆ ಮಾತು ಕತ್ತರಿಸಿದ ಹಾಗೆ ನಿಂತಿತು.

"ಏನು, ಅಕ್ಕ ತಮ್ಮಂದು ಮಸಲತ್ತು ಜೋರಾಗಿದೆ?"

"ಏನಿಲ್ಲ ಭಾವ. ಖಾಲಿ ಡಬ್ಬ ಇದ್ಯಾ ಅಂತ ಕೇಳ್ತಿದ್ದೆ. ಎಣ್ಣೆ ಡಬ್ಬ."

"ನಿಮ್ಮ ಮನೇಲಿ ತಗಡಿಗೂ ಬರ ಬಂತಾ?"

"ನಮ್ಮ ಮನೆ ಡಬ್ಬ ತೂತು. ನಮ್ಮನೆಯವಳ ಕೈಗೆ ಸಿಕ್ಕಿದ್ದೆಲ್ಲ ತೂತೇ" ಅಂದು ಟೇಪು ನಕ್ಕ. ನಗು ಕಣ್ಣಿನವರೆಗೆ ಏರಲಿಲ್ಲ. ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು, ಚಹಾ ಕೂಡ ಕುಡಿಯದೆ ಹೋದ.

ಗೆರೆಯಣ್ಣ ಗೋಡೆಗೆ ಒರಗಿ ಕೂತ. "ಹೇಳ್ಕೊಟ್ಟೆ ಅಲ್ವಾ ನಿನ್ನ ತಮ್ಮನಿಗೆ?"

"ಏನಂತ?"

"ಸಣ್ಣದು ಇಡು ಅಂತ."

"ಕತ್ತಿ ವಿಷಯಕ್ಕೆ ಮೂಗು ತೂರ್ಸೋಕೆ ನಾನೇನು ನಿಮ್ಮ ಹಿಂದೆ ನಡೀತೀನಾ?" ಅವಳು ಪಾತ್ರೆ ಒರೆಸುತ್ತಲೇ ಇದ್ದಳು.

"ಬಿಡಾರದಲ್ಲಿ ಕೂತು ಗೂಟ ಕೆತ್ತೋದು ನನ್ನಿಂದಾಗಲ್ಲ. ಹೇಳಿರ್ತೀನಿ."

"ಗೊತ್ತು."

"ಏನ್ ಗೊತ್ತು?"

"ನಿಮಗೆ ಆಗಲ್ಲ ಅಂತ ಗೊತ್ತು ರೀ. ಅದು ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು."

ಅವಳು ಅಳುತ್ತಿರಲಿಲ್ಲ. ಅಳದೆ ಅಷ್ಟು ಹೊತ್ತು ಒಂದೇ ಲೋಟ ಒರೆಸುವವಳನ್ನು ಕಂಡು ಅವನಿಗೆ ಸಿಟ್ಟೇ ಬಂತು. ತನ್ನನ್ನು ಬಿಡಾರಕ್ಕೆ ತಳ್ಳಲು ಮನೆಯವರೇ ಒಂದಾಗಿದ್ದಾರೆ ಎಂದು ಅವನು ತೀರ್ಮಾನ ಮಾಡಿಬಿಟ್ಟ.

ಆ ತೀರ್ಮಾನವೇ ಅವನ ಕೈಯಲ್ಲಿ ಒಂದು ತಪ್ಪು ಮಾಡಿಸಿತು. ಕತ್ತಿಯ ಕೆಲಸದವರು ಬೇರೆ ಯಾವ ತಪ್ಪು ಮಾಡಿದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಇದೊಂದನ್ನು ಮಾತ್ರ ಇಲ್ಲ: ಕತ್ತಿಯನ್ನು ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಳ್ಳುವುದು. ಕಟ್ಟದ ಕತ್ತಿ ಜಾರಿದರೆ ಮುಂದೆ ಹೋಗಿ ಪೊದೆಗೆ ಬೀಳುತ್ತದೆ. ಕಟ್ಟಿದ ಕತ್ತಿ ಜಾರಿದರೆ ತಿರುಗಿ ಬರುತ್ತದೆ. ಎಲ್ಲಿಗೆ ಬರುತ್ತದೆ ಅನ್ನುವುದು ಅದಕ್ಕೂ ಗೊತ್ತಿರುವುದಿಲ್ಲ. ಹೊಸಬರು ಬಂದಾಗಲೆಲ್ಲ ಇದನ್ನು ಮೊದಲ ದಿನವೇ ಹೇಳಿಕೊಡುತ್ತಿದ್ದವನು ಗೆರೆಯಣ್ಣನೇ. ಮಂಗಳವಾರ, ಹಂಗಾಮಿನ ಮೊದಲ ದಿನ, ಬೆಳಿಗ್ಗೆ ಟೆಂಟಿನ ಹಿಂದೆ ನಿಂತು, ದೊಡ್ಡ ಕತ್ತಿಯ ಹಿಡಿಯ ತೂತಿಗೆ ಟೆಂಟಿನ ದಾರ ಪೋಣಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಎಳೆದು ಮಣಿಕಟ್ಟಿಗೆ ಬಿಗಿದು, ಮೇಲೆ ತುಂಬುತೋಳಿನ ಅಂಗಿ ಎಳೆದುಕೊಂಡವನೂ ಅವನೇ.

ಬೆಳಗಿನ ಹೊತ್ತು ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಹೇಳುವಾಗ ನನಗೂ ಅಲ್ಲೇ ನಿಂತುಬಿಡಬೇಕು ಅನ್ನಿಸುತ್ತದೆ. ದೊಡ್ಡ ಕತ್ತಿ ತಾನಾಗಿ ಇಳಿಯುತ್ತಿತ್ತು. ಕೊಂಬೆಗಳು ಒಂದೊಂದೇ ಏಟಿಗೆ ಮಲಗುತ್ತಿದ್ದವು. ಕಡಿದ ಹಸಿಗಿಡದ ವಾಸನೆ, ಹಿಂದಿನಿಂದ ಟೇಪುವಿನ ಅಳತೆಯ ಕೂಗು, ದೂರದಲ್ಲಿ ಸಾಹೇಬರು ಎತ್ತಿದ ಕೈ. ಆ ಕೈ ಒಮ್ಮೆಯೂ ಎಡಕ್ಕೋ ಬಲಕ್ಕೋ ಆಡಲಿಲ್ಲ. ಗೆರೆ ನೆಟ್ಟಗಿತ್ತು. ಗೆರೆಯಣ್ಣ ಮನಸ್ಸಿನಲ್ಲೇ ವೈದ್ಯರ ಪೆನ್ನಿನ ಮುಚ್ಚಳ ತೆಗೆದು ಎಸೆದ.

ಸೂರ್ಯ ನೆತ್ತಿಗೆ ಬರುವ ಮುಂಚೆ ಒಂದು ಗಟ್ಟಿ ಬೊಡ್ಡೆ ಅಡ್ಡ ಬಂತು. ಅವನು ನಿಂತು ಕಡಿಯತೊಡಗಿದ. ಅವನು ನಿಂತದ್ದರಿಂದ ಟೇಪು ಹತ್ತಿರ ಬಂದು, ಅವನ ಬೆನ್ನ ಹಿಂದೆಯೇ ಬಗ್ಗಿ, ಬಿದ್ದ ಕೊಂಬೆ ಎಳೆಯುತ್ತಿದ್ದ. ಆರನೆಯ ಏಟು ಇಳಿಯುವಾಗ ಹಿಡಿ ಅಂಗೈಯಿಂದ ಹೊರಟುಹೋಯಿತು. ಹೋದದ್ದು ಗೆರೆಯಣ್ಣನಿಗೆ ಗೊತ್ತೂ ಆಗಲಿಲ್ಲ, ಆ ಬೆರಳುಗಳು ಸುದ್ದಿ ಹೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ದಾರ ಮಣಿಕಟ್ಟನ್ನು ಜಗ್ಗಿದಾಗಲೇ ತಿಳಿದದ್ದು. ಕತ್ತಿ ಅವನ ತೊಡೆಯ ಪಕ್ಕದಿಂದ ಸುಯ್ಯೆಂದು ಹಿಂದಕ್ಕೆ ಹೋಯಿತು.

ಟಣ್ ಎಂದಿತು.

ಮಾಂಸಕ್ಕೆ ಬಿದ್ದರೆ ಆ ಸದ್ದು ಬರುವುದಿಲ್ಲ. ಗೆರೆಯಣ್ಣ ತಿರುಗಿದ. ಟೇಪು ನೆಟ್ಟಗೆ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ, ಕಾಲಲ್ಲೂ ಇರಲಿಲ್ಲ. ಪ್ಯಾಂಟು ಮಾತ್ರ ಮೊಣಕಾಲಿನ ಕೆಳಗೆ ಒಂದು ಬೆರಳಷ್ಟು ಸೀಳಿತ್ತು.

"ಟೇಪಿನ ಡಬ್ಬಿಗೆ ತಾಗ್ತು ಭಾವ. ನಡೀರಿ" ಅಂದ ಟೇಪು.

ಟೇಪಿನ ಡಬ್ಬಿ ಅವನ ಭುಜದ ಮೇಲಿತ್ತು.

ಟೇಪುವಿನ ಕಣ್ಣು ಅಂಗಿಯ ತೋಳಿನಿಂದ ಇಳಿಬಿದ್ದ ದಾರದ ಮೇಲೆ ನಿಂತು, ಅಲ್ಲಿಂದ ಸರಿಯಿತು.  ಗೆರೆಯಣ್ಣ ದಾರವನ್ನು ಹಲ್ಲಿನಲ್ಲಿ ಬಿಚ್ಚಿ ಪೊದೆಗೆ ಎಸೆದ. ಮಿಕ್ಕ ಬೊಡ್ಡೆಯನ್ನು ಎರಡು ಕೈಯಲ್ಲಿ ಹಿಡಿದು ಕಡಿದು ಮುಗಿಸಿದ.

ಮಧ್ಯಾಹ್ನ ಸಣ್ಣ ಕತ್ತಿ. ಅದು ಒಂದು ಸಲವೂ ಜಾರಲಿಲ್ಲ. ಒಂದು ಕೊಂಬೆಗೆ ಮೂರು ಏಟು, ದಪ್ಪದಕ್ಕೆ ಐದು, ಏಟಿಗೊಮ್ಮೆ ಭುಜದಿಂದ ಬಲ ಕೀಳಬೇಕು. ಗೆರೆ ನೆಟ್ಟಗೇ ಹೋಯಿತು, ಆಮೆಯ ಹಾಗೆ ಹೋಯಿತು. ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡು, ಮೂರನೆಯ ಸಲ ದುರ್ಬೀನು ಬಿಟ್ಟು ನಡೆದೇ ಬಂದರು.

"ಏನಯ್ಯಾ, ಮರಕ್ಕೆ ಕಚಗುಳಿ ಇಡ್ತಿದೀಯಾ?"

"ಕತ್ತಿ ಸಣ್ಣದು ಸಾಹೇಬ್ರೇ."

"ಮರಕ್ಕೆ ನಗು ಬಂದು ತಾನೇ ಬಿದ್ದುಹೋಗ್ಲಿ ಅಂತಾನಾ? ಸಂಜೆ ಒಳಗೆ ಅರ್ಧ ಗೆರೆನೂ ಆಗಲ್ಲ ಹೀಗಾದ್ರೆ."

ಆಗಲಿಲ್ಲ.

ಸಂಜೆ ಎಲ್ಲರೂ ಟೆಂಟಿನ ಮುಂದೆ ಪೆಟ್ಟಿಗೆಗಳ ಮೇಲೆ ಕೂತರು. ಪಟ್ಟಿಗೆ ರುಜು ಹಾಕಿಸಿಕೊಳ್ಳಲು ಉಗ್ರಾಣದವರೂ ಬಂದು ಕೂತಿದ್ದರು. ಗೆರೆಯಣ್ಣ ನೆಲ ನೋಡಿಕೊಂಡಿದ್ದ. ದಾರ ಕಟ್ಟಿದ್ದನ್ನು ಕಣ್ಣಾರೆ ಕಂಡವನು, ಕಾಲಿಗೆ ಏಟು ತಿಂದವನು, ಅಕ್ಕನಿಂದ ಪಾಠ ಹೇಳಿಸಿಕೊಂಡು ಬಂದವನು, ಅವನು ಸಣ್ಣದು ಇಡದೆ ಇನ್ನೇನು ಇಡುತ್ತಾನೆ? ಹೆಜ್ಜೆ ಸದ್ದು ಹತ್ತಿರ ಬಂತು. ತೊಡೆಯ ಮೇಲೆ ತೂಕ ಬಿತ್ತು. ಅವನು ನೋಡುವ ಮುಂಚೆಯೇ ತೊಡೆಗೆ ಗೊತ್ತಾಯಿತು, ಅದು ದೊಡ್ಡದು.

"ಸರಿ, ಇನ್ನೈದು ವರ್ಷ ನಮ್ಮ ತಲೆ ತಿನ್ನಬೇಡ" ಎಂದು ಉಗ್ರಾಣದವರು ಬರೆದುಕೊಂಡರು. ಗೆರೆಯಣ್ಣನ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು. ಹೆಂಡತಿಯ ಮೇಲೆ ಹೊರಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಇನ್ನೂ ಬೆಳಕಿರುವಾಗಲೇ ಅವನು ಟೇಪುವನ್ನು ಹುಡುಕಿಕೊಂಡು ಹಳ್ಳದ ಕಡೆ ಹೋದ.  ಪಕ್ಕದಲ್ಲಿ ಒಂದಷ್ಟು ಹೊತ್ತು ಕೂತರೂ ಸಾಕು ಅನ್ನಿಸಿತ್ತು.

ಟೇಪು ಕಲ್ಲಿನ ಮೇಲೆ ಕೂತು ಪ್ಯಾಂಟನ್ನು ಮೇಲಕ್ಕೆ ಮಡಚಿದ್ದ. ಎಡಗಾಲಿಗೆ ಪಾದದ ಗಂಟಿನಿಂದ ಮೊಣಕಾಲಿನವರೆಗೆ ಟಾರ್ಪಾಲಿನ ಪಟ್ಟಿ ಕಟ್ಟಿತ್ತು. ಬಲಗಾಲಿನದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಅದರೊಳಗಿಂದ ಎಳೆದ ತಗಡಿನ ನೆಗ್ಗನ್ನು ಗುಂಡುಕಲ್ಲಿನಿಂದ ತಟ್ಟಿ ಸರಿಮಾಡುತ್ತಿದ್ದ. ತಗಡಿನ ಮೇಲೆ ಎಣ್ಣೆ ಡಬ್ಬದ ಹಳದಿ ಬಣ್ಣ. ಪಟ್ಟಿಯ ಅಂಚಿನಲ್ಲಿ ಮೇಣದ ಬಿಳಿ ದಾರ. ಮೂರು ಹೊಲಿಗೆ, ಒಂದು ಗಂಟು. ಮೂರು ಹೊಲಿಗೆ, ಒಂದು ಗಂಟು.

"ಅದೇನೋ?" ಗೆರೆಯಣ್ಣ ಕೇಳಿದ.

"ಹಾವಿಗೆ, ಭಾವ."

"ಇಪ್ಪತ್ತು ವರ್ಷ ಇರ್ಲಿಲ್ವಾ ಹಾವು?"

"ಇತ್ತು. ಈಗ ಜಾಸ್ತಿಯಾಗಿದೆ."

"ಯಾರು ಹೊಲಿದಿದ್ದು?"

"ಗೊತ್ತಿದ್ದೂ ಕೇಳ್ತೀರಲ್ಲ."

ಗೆರೆಯಣ್ಣ ಕೂತ. ಹಳ್ಳದಲ್ಲಿ ನೀರು ಬೆರಳಷ್ಟು ಹರಿಯುತ್ತಿತ್ತು. ತಗಡಿನ ನೆಗ್ಗನ್ನು ನೋಡುತ್ತ ಕೇಳಿದ: "ಇನ್ನೂ ಮೇಲೆ ಬಿದ್ದಿದ್ರೆ?"

"ಮಂಡಿಗೆ ತಗಡು ಸಾಲಲಿಲ್ಲ ಅಂದ್ಲು ಅಕ್ಕ. ಇನ್ನೊಂದು ಡಬ್ಬದ ಎಣ್ಣೆ ಖಾಲಿಯಾಗ್ಲಿ, ಮಾಡಿಕೊಡ್ತೀನಿ ಅಂದ್ಲು." ಟೇಪು ತಗಡನ್ನು ಪಟ್ಟಿ ಒಳಗೆ ತೂರಿಸಿದ. "ನೀವು ಮುಂದೆ ನಡೀರಿ ಭಾವ. ಹಿಂದಿನದು ನಾವು ನೋಡ್ಕೋತೀವಿ."

ಅಡುಗೆಮನೆಯ ಪಿಸುಮಾತು ಅದಾಗಿತ್ತು. ಅವನನ್ನು ಬಿಡಾರಕ್ಕೆ ತಳ್ಳಲು ಅಲ್ಲ, ಮುಂದೆಯೇ ಉಳಿಸಿಕೊಳ್ಳಲು ಅಕ್ಕ ತಮ್ಮ ಸೇರಿ ಎರಡೂ ಕಾಲಿಗೆ ತಗಡು ಕಟ್ಟಿದ್ದರು. ಎಣ್ಣೆ ಮುಗಿಯುವುದನ್ನು ಕಾಯುತ್ತ ಮಂಡಿಯನ್ನು ಹಾಗೇ ಬಿಟ್ಟಿದ್ದರು.

ಬೆಳಿಗ್ಗೆ ಉಗ್ರಾಣದವರು ಹೊರಡಲು ಜೀಪಿಗೆ ಪೆಟ್ಟಿಗೆ ಏರಿಸುತ್ತಿದ್ದಾಗ ಗೆರೆಯಣ್ಣ ಹೋಗಿ, ಒರೆಸಮೇತ ದೊಡ್ಡ ಕತ್ತಿಯನ್ನು ಪೆಟ್ಟಿಗೆಯ ಮೇಲಿಟ್ಟ.

"ಸಣ್ಣದು ಕೊಡಿ."

"ತಲೆ ಕೆಟ್ಟಿದ್ಯಾ? ಹಿಂದಿನವನು ಆರಿಸಿದ್ದನ್ನ ಮುಂದಿನವನು ಬದಲಾಯಿಸೋದು ಎಲ್ಲಾದ್ರೂ ಉಂಟಾ?"

"ಇವತ್ತಿಂದ ನಾನು ಮುಂದಿನವನಲ್ಲವಲ್ಲ."

ಉಗ್ರಾಣದವರು ಕನ್ನಡಕ ಇಳಿಸಿ ಅವನ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಈ ಸಲ ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.

"ಯೋಚನೆ ಮಾಡಿದೀಯಾ?"

"ಹಿಂದೆ ಬರೋ ಕಾಲು ನನ್ನ ಹೆಂಡತಿ ತವರುಮನೇದು. ಅದನ್ನ ಕಡಿಯೋಕೆ ನನಗೇನು ಹಕ್ಕಿದೆ ಹೇಳಿ."

ಉಗ್ರಾಣದವರು ನಗಲಿಲ್ಲ. ಸಣ್ಣದನ್ನು ತೆಗೆದುಕೊಟ್ಟು ಪಟ್ಟಿಯಲ್ಲಿ ಒಂದು ಸಾಲು ಹೊಡೆದು ಹಾಕಿದರು.

 ಬೇರೆ ಗತಿಯಿಲ್ಲದೆ ಟೇಪುವನ್ನೇ ಮುಂದೆ ಹಾಕಿದರು, ದೊಡ್ಡ ಕತ್ತಿ ಅವನಿಗೆ ಹೋಯಿತು, ದುರ್ಬೀನಿಗೆ ದೂರದಲ್ಲಿ ಕೋಲು ಹಿಡಿಯುತ್ತಿದ್ದವನು ಹಿಂದೆ ಬಂದ. ಗೆರೆಯಣ್ಣ ಬಿಡಾರದ ಮುಂದೆ ಪೆಟ್ಟಿಗೆಯ ಮೇಲೆ ಕೂತು ಮೂರು ಬೆರಳಲ್ಲಿ ಗೂಟ ಕೆತ್ತಿದ. ಕತ್ತಿಯ ಸದ್ದು ಕಾಡಿನೊಳಗಿಂದ ಬರುತ್ತಿತ್ತು. ಒಂದು ಏಟು ಬೀಳಬೇಕಾದ ಕಡೆ ಎರಡು ಬಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಏಟಿನ ಸದ್ದು ಸ್ವಲ್ಪ ಪಕ್ಕಕ್ಕೆ ಸರಿದರೂ ಗೊತ್ತಾಗುತ್ತಿತ್ತು. "ಎಡಕ್ಕೆ ಹೋಗ್ತಿದ್ಯಲ್ಲೋ, ಎಡಕ್ಕೆ" ಎಂದು ಸಾಹೇಬರು ಕೂಗುವುದಕ್ಕೆ ಮುಂಚೆ ಅವನ ಭುಜ ತಾನಾಗಿ ಬಲಕ್ಕೆ ವಾಲುತ್ತಿತ್ತು. ಹತ್ತು ಹದಿನೈದು ದಿನದಲ್ಲಿ ಗೆರೆ ದೂರ ಹೋಯಿತು, ಸದ್ದು ಕೇಳಿಸದಾಯಿತು. ಆಮೇಲೆ ಗೂಟ, ನೀರು, ಟೆಂಟು.

ಮುಂದಿನ ಹಂಗಾಮಿನ ಪಟ್ಟಿ ಬಂತು. ಅದರಲ್ಲಿ ಅವನ ಹೆಸರಿರಲಿಲ್ಲ. ಇರಲಿಲ್ಲ ಅನ್ನುವುದನ್ನು ಅವನಿಗೆ ಯಾರೂ ಬಂದು ಹೇಳಲೂ ಇಲ್ಲ. ಭಾನುವಾರ ಬಂದ ಟೇಪು ಬಾಗಿಲಲ್ಲಿ ಚಪ್ಪಲಿ ಬಿಡಲು ತೆಗೆದುಕೊಂಡ ಹೊತ್ತಿನಲ್ಲೇ ತಿಳಿಯಿತು.

"ಇನ್ನೊಂದು ಡಬ್ಬ ಖಾಲಿಯಾಯ್ತಾ ಅಕ್ಕ?" ಟೇಪು ಕೇಳಿದ.

"ನಿನಗಿನ್ಯಾಕೆ? ಮುಂದೆ ಹೋಗಿದೀಯಲ್ಲ."

"ನನಗಲ್ಲ. ಹಿಂದೆ ಬರೋ ಪುಣ್ಯಾತ್ಮನಿಗೆ. ನನ್ನ ಬೀಸಿನ ಮೇಲೆ ನನಗೇ ನಂಬಿಕೆ ಇಲ್ಲ."

ಮೂವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಕಿಟಕಿಯ ಪಕ್ಕ ಎರಡನೆಯ ಡಬ್ಬ ತೊಳೆದು ಬೋರಲು ಹಾಕಿತ್ತು. ಅವಳು ತಗಡು ಕತ್ತರಿಸುವ ಕತ್ತರಿ ತಂದಳು. "ನಾನು ಹಿಡ್ಕೋತೀನಿ ಕೊಡು" ಎಂದು ಗೆರೆಯಣ್ಣ ಮುಂದೆ ಬಂದು, ಡಬ್ಬವನ್ನು ತೊಡೆಯ ನಡುವೆ ನಿಲ್ಲಿಸಿ, ಎಡಗೈಯಲ್ಲಿ ಅಂಚನ್ನು ಗಟ್ಟಿಯಾಗಿ ಹಿಡಿದ. ಬಕೀಟು ಹಿಡಿಯಲು ಕಲಿತ ಕೈ. ಅವಳು ಕತ್ತರಿ ಇಟ್ಟು ಒತ್ತಿದಳು.

ಡಬ್ಬ ಅವನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಉರುಳಿತು.

ಅವನು ಎಡಗೈಯ ಕಿರುಬೆರಳನ್ನು ಮೆಲ್ಲಗೆ ಅಂಗೈಯೊಳಗೆ ಮಡಚಿ ಮುಚ್ಚಿಕೊಂಡ. ಹೆಂಡತಿ ನೋಡಿದಳು. ಟೇಪು ಡಬ್ಬ ಎತ್ತುವ ನೆಪದಲ್ಲಿ ಬಗ್ಗಿದವನು ಬೇಗ ಮೇಲೇಳಲಿಲ್ಲ.

"ಎಣ್ಣೆ ಪಸೆ ಇದೆ ಅದ್ರಲ್ಲಿ" ಅಂದ ಗೆರೆಯಣ್ಣ.

"ಹೌದು" ಅಂದಳು ಅವಳು. ಬೆಳಿಗ್ಗೆ ಬೂದಿ ಹಾಕಿ ಎರಡು ಸಲ ತಿಕ್ಕಿ ತೊಳೆದವಳು ಅವಳೇ. "ಎಣ್ಣೆ ಪಸೆ ಇದೆ."